ಇಂಗ್ಲಿಷ್ ಪದದ ಹೊಟ್ಟೆಯೊಳಗಿನ ಲ್ಯಾಟಿನ್: ಬಿಡಿಸಿ ನೋಡುವ ಬಗೆ

ಮೆಡಿಕಲ್ ಶಾಪಿನ ಮುಂದೆ ನಿಂತಿದ್ದೆ. ನನ್ನ ಪಕ್ಕದಲ್ಲಿದ್ದ ಹಿರಿಯರ ಚೀಟಿಯಲ್ಲಿ ಒಂದು ಮಾತ್ರೆಯ ಎದುರು ಬಿ.ಡಿ. ಎಂದಿತ್ತು, ಇನ್ನೊಂದರ ಎದುರು ಟಿ.ಡಿ.ಎಸ್., ಕೊನೆಯದಕ್ಕೆ ಎಚ್.ಎಸ್. “ಇದೇನಪ್ಪಾ, ಮಾತ್ರೇಲೂ ಟಿ.ಡಿ.ಎಸ್. ಮುರ್ಕೊಳ್ತಾರಾ?” ಎಂದರು, ಎಲ್ಲೋ ಬಡ್ಡಿಯಲ್ಲಿ ತೆರಿಗೆಯೆಂದು ಮೊದಲೇ ಕಳೆದುಕೊಂಡ ದುಡ್ಡಿನ ನೆನಪಿನಲ್ಲಿ. ಅಂಗಡಿ ಹುಡುಗ ನಕ್ಕು, “ದಿನಕ್ಕೆ ಮೂರು ಸಲ ಅಂತ ಸಾರ್” ಎಂದ.

ಹುಡುಗ ಹೇಳಿದ್ದು ಸರಿ. ಆ ಮೂರು ಅಕ್ಷರಗಳ ಹಿಂದಿರುವುದು ಇಂಗ್ಲಿಷಲ್ಲ, ಹಳೆಯ ರೋಮನ್ನರ ಭಾಷೆಯಾದ ಲ್ಯಾಟಿನ್. ‘ತೆರ್ ದಿಯೆ ಸುಮೆಂಡುಮ್’, ಅಂದರೆ ದಿನಕ್ಕೆ ಮೂರು ಸಲ ತೆಗೆದುಕೊಳ್ಳತಕ್ಕದ್ದು. ಬಿ.ಡಿ. ಎಂದರೆ ‘ಬಿಸ್ ದಿಯೆ’, ದಿನಕ್ಕೆರಡು ಸಲ. ಎಸ್.ಓ.ಎಸ್. ಎಂದು ಬರೆದಿದ್ದರೆ ‘ಸಿ ಓಪುಸ್ ಸಿತ್’, ಬೇಕೆನಿಸಿದರೆ ಮಾತ್ರ. ಎಚ್.ಎಸ್. ಎಂದರೆ ‘ಹೋರಾ ಸೋಮ್ನಿ’, ನಿದ್ದೆಯ ಹೊತ್ತಿಗೆ. ಕೊನೆಯದನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಹೋರಾ ನಮ್ಮ ಪಂಚಾಂಗದಲ್ಲಿದೆ. ಸೋಮ್ನುಸ್ ಎಂಬುದು ಸಂಸ್ಕೃತದ ಸ್ವಪ್ನದ ಒಡಹುಟ್ಟು. ದಿಯೆ ನಮ್ಮ ದಿವಸದ ಬಂಧು. ಡಾಕ್ಟರು ಗೀಚಿದ, ಯಾರಿಗೂ ಅರ್ಥವಾಗದ ಎರಡಕ್ಷರ ಬಿಡಿಸಿದರೆ ನಮ್ಮ ಮನೆಯ ಪದಗಳೇ ಹೊರಬೀಳುತ್ತವೆ. (ಮಾತ್ರೆ ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಅಂಗಡಿಯವರನ್ನೇ ಕೇಳಿ. ಲ್ಯಾಟಿನ್ ಗೊತ್ತು ಎಂದು ಅಲ್ಲಿ ಧೈರ್ಯ ಮಾಡುವುದು ಬೇಡ.)

ನಾನು ಐದನೇ ಕ್ಲಾಸಿನಲ್ಲಿ ಎ ಬಿ ಸಿ ಡಿ ಹಿಡಿದವನು. ಇಂಗ್ಲಿಷ್ ಪದ ಕಲಿಯುವುದೆಂದರೆ ಎಡಕ್ಕೊಂದು ಪದ, ಬಲಕ್ಕೊಂದು ಅರ್ಥ, ನಡುವೆ ಗೀಟು, ಆಮೇಲೆ ಉರು. ಒಂದೊಂದು ಪದವೂ ಬೇರೆ ಬೇರೆ ಕಲ್ಲು, ಒಂದಕ್ಕೊಂದು ಸಂಬಂಧವಿಲ್ಲ ಎಂದೇ ಬಹಳ ವರ್ಷ ನಂಬಿದ್ದೆ. ಈಗ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹಾಗೆ ಕಲಿಸುತ್ತ ಕಂಡುಕೊಂಡದ್ದು ಇಷ್ಟು: ಈ ಕಲ್ಲುಗಳನ್ನು ಒಡೆಯುವ ಸುತ್ತಿಗೆ ನಮ್ಮ ಕನ್ನಡ ವ್ಯಾಕರಣದ ಪಾಠದಲ್ಲೇ ಇದೆ. ಸಂಧಿ, ಉಪಸರ್ಗ, ಧಾತು, ಪ್ರತ್ಯಯ, ತತ್ಸಮ, ತದ್ಭವ. ಪರೀಕ್ಷೆಗೆಂದು ಓದಿ ಮರೆತ ಈ ಹೆಸರುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ಇಂಗ್ಲಿಷ್ ನಿಘಂಟಿನ ಪದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲ್ಯಾಟಿನ್ನಿನಿಂದ ನೇರವಾಗಿಯೋ ಫ್ರೆಂಚ್ ಮೂಲಕವೋ ಬಂದವು. ಆದರೆ ದಿನಬಳಕೆಯ ಚಿಕ್ಕ ಪದಗಳು, ವಾಟರ್, ಬ್ರೆಡ್, ಹೌಸ್, ಈಟ್, ಸ್ಲೀಪ್ ಇಂಥವು, ಇಂಗ್ಲಿಷಿನ ಸ್ವಂತದವು. ಅವನ್ನು ಬಿಡಿಸಲು ಹೋಗಬೇಡಿ, ಏನೂ ಸಿಗದು. ಉದ್ದ ಪದ, ಕಚೇರಿ ಪದ, ಪುಸ್ತಕದ ಪದ ಕಂಡಾಗ ಸುತ್ತಿಗೆ ಎತ್ತಿ.

ಮೊದಲ ಹೆಜ್ಜೆ: ಬಾಯಲ್ಲಿರುವ ಪದದಿಂದಲೇ ಶುರು ಮಾಡಿ

ಇನ್ನೂರು ಪೇಜಿನ ಒಂದು ನೋಟ್‌ಬುಕ್ ತನ್ನಿ. ಧಾತುಗಳ ಉದ್ದ ಪಟ್ಟಿ ಹುಡುಕಿ ತಂದು ಅಕಾರಾದಿಯಾಗಿ ಉರು ಹೊಡೆಯುವುದು ಬೇಡ. ನಾನು ಹಾಗೆ ಮಾಡಿ ಮೂರನೇ ದಿನಕ್ಕೆ ಕೈಬಿಟ್ಟಿದ್ದೆ. ಬದಲಿಗೆ ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡದ ನಡುವೆ ಆಡುವ ಇಂಗ್ಲಿಷ್ ಪದಗಳನ್ನು ಒಂದು ದಿನ ಗಮನವಿಟ್ಟು ಕೇಳಿ, ಬರೆದುಕೊಳ್ಳಿ. ವಿಡಿಯೊ, ಆಡಿಯೊ, ವೀಸಾ, ಆಡಿಟ್, ಡೇಟಾ, ಅಜೆಂಡಾ, ಕೋರಂ, ಅಫಿಡವಿಟ್, ಟ್ರಾನ್ಸ್‌ಫರ್, ಜಂಕ್ಷನ್. ಇವೆಲ್ಲ ಲ್ಯಾಟಿನ್.

ವಿಡಿಯೊ ಎಂಬುದು ಲ್ಯಾಟಿನ್ನಿನಲ್ಲಿ ಪೂರ್ತಿ ವಾಕ್ಯ: ‘ನಾನು ನೋಡುತ್ತೇನೆ’. ಆಡಿಯೊ, ‘ನಾನು ಕೇಳುತ್ತೇನೆ’. ವೀಸಾ ಎಂದರೆ ‘ನೋಡಲಾಗಿದೆ’. ಕಾಗದ ನೋಡಿ ಆಯಿತು ಎಂದು ಒತ್ತುವ ಮುದ್ರೆ. ಆಡಿಟ್ ಏಕೆ ಕೇಳುವುದಕ್ಕೆ ಸೇರಿದ್ದು ಎಂದು ಮಕ್ಕಳು ಕೇಳುತ್ತಾರೆ. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ತಪಾಸಣೆ ಮಾಡುವವನು ಕುಳಿತು ಕೇಳುತ್ತಿದ್ದ. ಈಗಿನ ಆಡಿಟರು ಕೇಳುವುದು ಬೇರೆ ತರಹ.

ಅಫಿಡವಿಟ್ ಎಂದರೆ ‘ಪ್ರಮಾಣ ಮಾಡಿ ಹೇಳಿದ್ದಾನೆ’. ಸಭೆಗೆ ಇಷ್ಟು ಜನ ಇರಲೇಬೇಕು ಎನ್ನುವ ಕೋರಂ, ಲ್ಯಾಟಿನ್ನಿನಲ್ಲಿ ‘ಯಾರ’ ಎಂಬುದರ ಬಹುವಚನ, ಷಷ್ಠಿ ವಿಭಕ್ತಿ. ಹಳೆಯ ಆದೇಶಪತ್ರದ ಒಂದು ವಾಕ್ಯದಿಂದ ಈ ಒಂಟಿ ಪದ ಉದುರಿ ಬಿದ್ದು, ಈಗ ನಮ್ಮ ಗ್ರಾಮಸಭೆಗಳನ್ನು ಮುಂದೂಡಿಸುತ್ತಿದೆ.

ಅಜೆಂಡಾದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ‘ಮಾಡತಕ್ಕವು’ ಎಂದು ಅರ್ಥ. ಮೆಮೊರಾಂಡಂ, ‘ನೆನಪಿಡತಕ್ಕದ್ದು’. ಮೇಲೆ ಚೀಟಿಯಲ್ಲಿ ಬಂದ ಸುಮೆಂಡುಮ್, ‘ತೆಗೆದುಕೊಳ್ಳತಕ್ಕದ್ದು’. ಮೂರರಲ್ಲೂ ಒಂದೇ ‘ಅಂಡ್, ಎಂಡ್’ ಇದೆಯಲ್ಲ, ಅದೇ ‘ತಕ್ಕದ್ದು’. ಕರ್ತವ್ಯ, ಸ್ಮರಣೀಯ ಎಂಬಲ್ಲಿನ ತವ್ಯ, ಅನೀಯ ಪ್ರತ್ಯಯಗಳು ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಹಾಗಾಗಿ ರೆಫರೆಂಡಂ ಎಂಬ ಪದ ಪತ್ರಿಕೆಯಲ್ಲಿ ಕಂಡರೆ ಹೆದರಬೇಕಿಲ್ಲ: ಜನರ ಮುಂದೆ ಒಯ್ಯತಕ್ಕದ್ದು.

ಡೇಟಾ ಎಂದರೆ ‘ಕೊಟ್ಟವು’. ಕೊಡು ಎಂಬ ಅರ್ಥದ ಲ್ಯಾಟಿನ್ ಧಾತು ‘ದಾ’. ಸಂಸ್ಕೃತದಲ್ಲೂ ‘ದಾ’. ದಾನ, ದಾತ, ದತ್ತ. ನಮ್ಮಲ್ಲಿ ಡೇಟಾಕ್ಕೆ ದತ್ತಾಂಶ ಎಂಬ ಪದ ಕಟ್ಟಿದವರು ಹೊಸದಾಗಿ ಹುಟ್ಟಿಸಿದ ಹಾಗೆ ಕಂಡರೂ, ಬಹಳ ಹಿಂದೆ ಬೇರೆಯಾದ ಅಣ್ಣತಮ್ಮಂದಿರನ್ನು ಮತ್ತೆ ಒಂದೇ ಪಂಕ್ತಿಯಲ್ಲಿ ಕೂರಿಸಿದರು.

ಎರಡನೇ ಹೆಜ್ಜೆ: ತಲೆ, ಒಡಲು, ಬಾಲ

ಸಂಸ್ಕೃತ ಮೇಷ್ಟ್ರು ಕೊಡುತ್ತಿದ್ದ ಹಳೆಯ ಉದಾಹರಣೆ ನೆನಪಿದೆಯೇ? ಒಂದೇ ‘ಹಾರ’. ಹಿಂದೆ ‘ಆ’ ಸೇರಿದರೆ ಊಟ, ‘ಪ್ರ’ ಸೇರಿದರೆ ಹೊಡೆತ, ‘ಸಂ’ ಸೇರಿದರೆ ಕೊಲೆ, ‘ವಿ’ ಸೇರಿದರೆ ತಿರುಗಾಟ, ‘ಪರಿ’ ಸೇರಿದರೆ ಸರ್ಕಾರ ಕೊಡುವ ದುಡ್ಡು. ಉಪಸರ್ಗ ಧಾತುವನ್ನು ಕಿವಿ ಹಿಡಿದು ಎಲ್ಲಿಗೆ ಬೇಕಾದರೂ ಎಳೆದೊಯ್ಯುತ್ತದೆ. ಲ್ಯಾಟಿನ್ ಪದ ಕಟ್ಟುವುದೂ ಹೀಗೆಯೇ: ತಲೆ ಉಪಸರ್ಗ, ಒಡಲು ಧಾತು, ಬಾಲ ಪ್ರತ್ಯಯ.

‘ಸ್ಪೆಕ್’ ಎಂಬ ಧಾತು ತೆಗೆದುಕೊಳ್ಳಿ, ನೋಡು ಎಂದರ್ಥ. ಸಂಸ್ಕೃತದ ‘ಪಶ್ಯ’ದ ದಾಯಾದಿ. ಈಗ ಒಂದು ಪೊಲೀಸ್ ಠಾಣೆಗೆ ಹೋಗೋಣ. ಇನ್‌ಸ್ಪೆಕ್ಟರ್, ‘ಇನ್’ ಎಂದರೆ ಒಳಗೆ, ಒಳಹೊಕ್ಕು ನೋಡುವವನು. ಸಸ್ಪೆಕ್ಟ್, ‘ಸಬ್’ ಎಂದರೆ ಕೆಳಗೆ. ಹುಬ್ಬಿನಡಿಯಿಂದ ಓರೆಗಣ್ಣಲ್ಲಿ ನೋಡುವುದು, ಶಂಕೆ. ರೆಸ್ಪೆಕ್ಟ್, ‘ರೆ’ ಎಂದರೆ ತಿರುಗಿ. ಎದುರಿಗೆ ಬಂದವರನ್ನು ಮತ್ತೊಮ್ಮೆ ತಿರುಗಿ ನೋಡುವುದು, ಗೌರವ. ಎಕ್ಸ್‌ಪೆಕ್ಟ್, ‘ಎಕ್ಸ್’ ಎಂದರೆ ಹೊರಗೆ. ಬರುವವರಿಗಾಗಿ ಹೊರಗೆ ನೋಡುತ್ತ ನಿಲ್ಲುವುದು, ನಿರೀಕ್ಷೆ. ‘ನಿರೀಕ್ಷೆ’ಯನ್ನೂ ಬಿಡಿಸಿ: ನಿರ್ ಮತ್ತು ಈಕ್ಷೆ, ಅಲ್ಲೂ ನೋಟವೇ ಇದೆ. ಪ್ರಾಸ್ಪೆಕ್ಟಸ್, ಮುಂದಕ್ಕೆ ನೋಡಿದ್ದು. ಸ್ಪೆಕ್ಟಕಲ್ಸ್ ಹೇಗೂ ಕನ್ನಡಕ. ಒಂದು ಧಾತು ಕೈಗೆ ಬಂದರೆ ಆರು ಪದ ಹಿಂದೆಯೇ ಬರುತ್ತವೆ.

ನೋಟ್‌ಬುಕ್ಕಿನಲ್ಲಿ ಒಂದು ಧಾತುವಿಗೆ ಒಂದು ಪುಟ ಕೊಡಿ. ನಡುವೆ ಧಾತು ಬರೆಯಿರಿ, ಎಡಕ್ಕೆ ಉಪಸರ್ಗಗಳು, ಬಲಕ್ಕೆ ಪ್ರತ್ಯಯಗಳು. ವಾರಕ್ಕೆ ಎರಡು ಪುಟ ಸಾಕು. ಮೊದಲ ತಿಂಗಳಿಗೆ ನಾನು ಮಕ್ಕಳಿಗೆ ಕೊಡುವವು ಇವು: ಪೋರ್ಟ್ (ಹೊರು), ಸ್ಕ್ರಿಪ್ಟ್ (ಬರೆ), ಡಿಕ್ಟ್ (ಹೇಳು), ಮಿಟ್ ಅಥವಾ ಮಿಸ್ (ಕಳಿಸು), ಡಕ್ಟ್ (ನಡೆಸು), ವಿಸ್ (ನೋಡು), ಸ್ಪೆಕ್ಟ್ (ಇದೂ ನೋಡು), ಫ್ಯಾಕ್ಟ್ (ಮಾಡು). ಟ್ರಾನ್ಸ್‌ಪೋರ್ಟ್, ಆಚೆಗೆ ಹೊರುವುದು. ಸಬ್‌ಸ್ಕ್ರೈಬ್, ಕೆಳಗೆ ಬರೆಯುವುದು, ಅಂದರೆ ಸಹಿ ಹಾಕುವುದು. ಪ್ರೆಡಿಕ್ಟ್, ಮೊದಲೇ ಹೇಳುವುದು. ಸಬ್‌ಮಿಟ್, ಕೆಳಗಿಂದ ಕಳಿಸುವುದು. ಗುಮಾಸ್ತರಿಗೆ ಇದನ್ನು ವಿವರಿಸಬೇಕಿಲ್ಲ.

ಡಕ್ಟ್ ಪುಟದಲ್ಲಿ ಎರಡು ತಮಾಷೆಗಳಿವೆ. ಒಂದು, ಆ ಹಿರಿಯರ ಟಿ.ಡಿ.ಎಸ್.; ಅದರ ನಡುವಿನ ಡಿ, ಡಿಡಕ್ಟ್, ಕೆಳಗೆ ಇಳಿಸು. ಎರಡನೆಯದು ಕಂಡಕ್ಟರ್. ‘ಕಾನ್’ ಎಂದರೆ ಜೊತೆಗೆ, ‘ಡಕ್’ ಎಂದರೆ ನಡೆಸು, ‘ತೋರ್’ ಎಂದರೆ ಆ ಕೆಲಸ ಮಾಡುವವನು. ಈ ‘ತೋರ್’ ಪ್ರತ್ಯಯವೂ ಸಂಸ್ಕೃತದ ‘ತೃ’ ಪ್ರತ್ಯಯವೂ ಒಂದೇ ಬೇರಿನವು: ಕರ್ತೃ, ದಾತೃ, ನೇತೃ. ನಮ್ಮ ಭಾಷೆಗೆ ತಂದರೆ ಕಂಡಕ್ಟರ್ ಎಂದರೆ ಎಲ್ಲರನ್ನೂ ಜೊತೆಗೂಡಿಸಿ ನಡೆಸುವ ನೇತಾರ. “ಮುಂದೆ ಹೋಗ್ರೀ, ಮುಂದೆ ಜಾಗ ಐತಿ” ಎಂದು ಅವರು ಕೂಗುವಾಗ ಪದದ ಅರ್ಥ ಸಾಕ್ಷಾತ್ ಎದುರಿಗೇ ಇರುತ್ತದೆ. ಹಾಗೆಯೇ ಡಾಕ್ಟರ್ ಎಂದರೆ ಮೂಲದಲ್ಲಿ ಕಲಿಸುವವನು. ಪಿಎಚ್.ಡಿ. ಮಾಡಿದವರನ್ನು ‘ಸೂಜಿ ಚುಚ್ಚೋ ಡಾಕ್ಟರಲ್ಲ’ ಎಂದು ಮನೆಯಲ್ಲಿ ಆಡಿಕೊಳ್ಳುವುದುಂಟು. ಪದದ ಮೇಲೆ ಮೊದಲ ಹಕ್ಕು ಅವರದೇ.

ಉಪಸರ್ಗಗಳಲ್ಲಿ ಕೆಲವಂತೂ ನಮಗೆ ಕಲಿಯುವ ಕೆಲಸವೇ ಕೊಡುವುದಿಲ್ಲ. ತಾಲ್ಲೂಕು ಕೇಂದ್ರಕ್ಕೆ ಹೋದಾಗ ಸಬ್ ರಿಜಿಸ್ಟ್ರಾರ್ ಕಚೇರಿಯ ಬೋರ್ಡು ನೋಡಿ. ಕನ್ನಡದಲ್ಲಿ ‘ಉಪ ನೋಂದಣಾಧಿಕಾರಿ’. ಸಬ್‌ಗೆ ಉಪ. ಇದು ಬರೀ ಅನುವಾದವಲ್ಲ, ಎರಡೂ ಒಂದೇ ಮೂಲದ ಪದಗಳು. ಇಂಟರ್‌ನ್ಯಾಷನಲ್ ಎಂಬುದರ ‘ಇಂಟರ್’ಗೂ ಅಂತರರಾಷ್ಟ್ರೀಯದ ‘ಅಂತರ’ಕ್ಕೂ ಅದೇ ನಂಟು. ‘ಪ್ರೊ’ ನಮ್ಮ ‘ಪ್ರ’. ‘ಸೂಪರ್’ ನಮ್ಮ ‘ಉಪರಿ’. ಇಲ್ಲ ಎನ್ನುವ ‘ಇನ್’, ನಮ್ಮ ಅನರ್ಹ, ಅನಗತ್ಯದಲ್ಲಿರುವ ‘ಅನ್’.

ಆ ‘ಇನ್’ ಬಗ್ಗೆ ಒಂದು ಎಚ್ಚರಿಕೆ. ಲ್ಯಾಟಿನ್ನಿನಲ್ಲಿ ಎರಡು ಇನ್‌ಗಳಿವೆ: ಒಂದು ‘ಇಲ್ಲ’, ಇನ್ನೊಂದು ‘ಒಳಗೆ’. ಪೆಟ್ರೋಲ್ ಟ್ಯಾಂಕರಿನ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ಅಲ್ಲಿರುವುದು ಎರಡನೆಯ ಇನ್. ಒಳಗೆ ಜ್ವಾಲೆ ಏಳುವಂಥದ್ದು, ಬೇಗ ಹೊತ್ತಿಕೊಳ್ಳುವಂಥದ್ದು. ‘ಹೊತ್ತಿಕೊಳ್ಳದು’ ಎಂದು ಓದಿ ಪಕ್ಕದಲ್ಲಿ ಬೀಡಿ ಹಚ್ಚಿದರೆ ವ್ಯಾಕರಣ ಉಳಿಸುವುದಿಲ್ಲ.

ಮೂರನೇ ಹೆಜ್ಜೆ: ಸ್ಪೆಲಿಂಗ್ ತಪ್ಪಿಸುವ ಸಂಧಿ

ಈ ಇಡೀ ಬರಹದಲ್ಲಿ ಪರೀಕ್ಷೆಗೆ ನೇರವಾಗಿ ಅಂಕ ತಂದುಕೊಡುವ ಭಾಗ ಇದೇ.

ಸತ್ ಮತ್ತು ಜನ ಸೇರಿದರೆ ಸಜ್ಜನ. ಜಗತ್ ಮತ್ತು ನಾಥ ಸೇರಿದರೆ ಜಗನ್ನಾಥ. ಉತ್ ಮತ್ತು ಲಾಸ ಸೇರಿದರೆ ಉಲ್ಲಾಸ. ಹಿಂದಿನ ವ್ಯಂಜನ ಮುಂದಿನದರ ಹಾಗೆಯೇ ಆಗಿ ಒತ್ತಕ್ಷರ ಹುಟ್ಟುತ್ತದೆ. ಲ್ಯಾಟಿನ್ನಿನಲ್ಲೂ ಇದೇ ಆಗುತ್ತದೆ, ಇಂಗ್ಲಿಷಿನಲ್ಲಿ ಅದು ಜೋಡಿ ಅಕ್ಷರವಾಗಿ ಕಾಣುತ್ತದೆ. ‘ಇನ್’ ಮುಂದೆ ಎಲ್ ಬಂದರೆ ಇಲ್ಲೀಗಲ್, ಎರಡು ಎಲ್. ಆರ್ ಬಂದರೆ ಇರ್ರೆಗ್ಯುಲರ್, ಎರಡು ಆರ್. ಎಂ ಬಂದರೆ ಇಮ್ಮೀಡಿಯಟ್, ಎರಡು ಎಂ. ‘ಕಾನ್’ ಮುಂದೆ ಎಲ್ ಬಂದರೆ ಕಲೆಕ್ಟ್, ಆರ್ ಬಂದರೆ ಕರೆಕ್ಟ್. ‘ಸಬ್’ ಮುಂದೆ ಪಿ ಬಂದರೆ ಸಪೋರ್ಟ್, ಸಿ ಬಂದರೆ ಸಕ್ಸೆಸ್, ಎಫ್ ಬಂದರೆ ಸಫರ್.

ಈಗ ಎಲ್ಲರೂ ಎಡವುವ ಪದ: ಅಕಾಮಡೇಷನ್. ಪೇಯಿಂಗ್ ಗೆಸ್ಟ್ ಬೋರ್ಡುಗಳಲ್ಲಿ ಇದನ್ನು ಸರಿಯಾಗಿ ಬರೆದದ್ದು ಕಂಡರೆ ನಿಂತು ನೋಡುತ್ತೇನೆ. ಕೆಲವರು ಒಂದು ಸಿ ನುಂಗುತ್ತಾರೆ, ಹೆಚ್ಚಿನವರು ಒಂದು ಎಂ. ಬಿಡಿಸಿ: ‘ಆಡ್’ ಅಂದರೆ ಕಡೆಗೆ, ‘ಕಾಮ್’ ಅಂದರೆ ಜೊತೆಗೆ, ‘ಮೋಡ್’ ಅಂದರೆ ಅಳತೆ. ಆಡ್ ಎಂಬುದರ ಡಿ, ಮುಂದಿನ ಸಿ ಜೊತೆ ಸಂಧಿಯಾಗಿ ತಾನೂ ಸಿ ಆಯಿತು. ಆದ್ದರಿಂದ ಎರಡು ಸಿ. ಕಾಮ್ ಎಂಬುದರ ಎಂ ಮತ್ತು ಮೋಡ್ ಎಂಬುದರ ಎಂ ಅಕ್ಕಪಕ್ಕ ಬಂದವು; ಆದ್ದರಿಂದ ಎರಡು ಎಂ. ಇಷ್ಟು ಒಮ್ಮೆ ಕೈಯಿಂದ ಬರೆದು ನೋಡಿದ ಹುಡುಗ ಮುಂದೆ ಆ ಪದವನ್ನು ತಪ್ಪಾಗಿ ಬರೆಯಲಾರ.

ಉಚ್ಚರಿಸದೆ ಸುಮ್ಮನೆ ಕೂತ ಅಕ್ಷರಗಳ ಕತೆ ಇನ್ನೂ ಸ್ವಾರಸ್ಯ. ಸಾಲ ಎಂಬರ್ಥದ ಡೆಟ್, ಅನುಮಾನ ಎಂಬರ್ಥದ ಡೌಟ್, ಇವೆರಡರಲ್ಲೂ ಒಂದು ಬಿ ಅಕ್ಷರ ಇದೆ, ಯಾರೂ ನುಡಿಯುವುದಿಲ್ಲ. ಫ್ರೆಂಚಿನಿಂದ ಈ ಪದಗಳು ಇಂಗ್ಲಿಷಿಗೆ ಬಂದಾಗ ಬಿ ಇರಲೇ ಇಲ್ಲ. ಆಮೇಲಿನ ಪಂಡಿತರಿಗೆ ಇವು ಲ್ಯಾಟಿನ್ನಿನ ‘ದೇಬಿತುಮ್’, ‘ದುಬಿತಾರೆ’ಗಳ ಮಕ್ಕಳು ಎಂದು ತೋರಿಸುವ ಆಸೆ. ಬಿ ತುರುಕಿದರು. ರಿಸೀಟ್ ಎಂಬುದರ ಪಿ ಕೂಡ ಹೀಗೆ ತುರುಕಿದ್ದೇ. ಮಕ್ಕಳು ಬೈದುಕೊಳ್ಳಬೇಕಾದ್ದು ಮೇಷ್ಟ್ರನ್ನಲ್ಲ, ಆ ಪಂಡಿತರನ್ನು.

ನಾಲ್ಕನೇ ಹೆಜ್ಜೆ: ದಾಯಾದಿಗಳನ್ನು ಗುರುತಿಸುವುದು

1786ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾತಾಡುತ್ತ ನ್ಯಾಯಾಧೀಶ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಹುಟ್ಟಿರಬೇಕು, ಆ ಮೂಲ ಈಗ ಉಳಿದಿರಲಿಕ್ಕಿಲ್ಲ ಎಂದರು. ಆಮೇಲೆ ವಿದ್ವಾಂಸರು ಧ್ವನಿಗಳು ಹೇಗೆ ಹೇಗೆ ಬದಲಾದವು ಎಂದು ನಿಯಮ ಹಾಕಿಕೊಟ್ಟರು. ನಮ್ಮ ಕೆಲಸಕ್ಕೆ ನಾಲ್ಕು ನಿಯಮ ಸಾಕು.

ಲ್ಯಾಟಿನ್ನಿನಲ್ಲಿ ಎ, ಒ ಇದ್ದ ಕಡೆ ಸಂಸ್ಕೃತದಲ್ಲಿ ಸಾಮಾನ್ಯವಾಗಿ ಅ. ಹಲ್ಲಿಗೆ ‘ದೆಂತ್’, ನಮ್ಮಲ್ಲಿ ದಂತ. ಡೆಂಟಲ್ ಕ್ಲಿನಿಕ್ಕಿನ ಬೋರ್ಡು ನೆನೆಯಿರಿ. ಕಾಲಿಗೆ ‘ಪೆದ್’, ನಮ್ಮಲ್ಲಿ ಪದ, ಪಾದ; ಇಂಗ್ಲಿಷಿನಲ್ಲಿ ಪೆಡಲ್, ಪೆಡೆಸ್ಟ್ರಿಯನ್. ನಡುವಿಗೆ ‘ಮೆದಿ’, ನಮ್ಮಲ್ಲಿ ಮಧ್ಯ; ಇಂಗ್ಲಿಷಿನಲ್ಲಿ ಮೀಡಿಯಂ. ಹೊಸದಕ್ಕೆ ‘ನೊವ’, ನಮ್ಮಲ್ಲಿ ನವ; ಇಂಗ್ಲಿಷಿನಲ್ಲಿ ರೆನೊವೇಷನ್, ನಮ್ಮಲ್ಲಿ ನವೀಕರಣ.

ಲ್ಯಾಟಿನ್ನಿನ ಕ, ಸಂಸ್ಕೃತದಲ್ಲಿ ಹಲವೆಡೆ ಶ. ಲ್ಯಾಟಿನ್ನಿನಲ್ಲಿ ಸಿ ಅಕ್ಷರವನ್ನು ಕ ಎಂದೇ ನುಡಿಯುತ್ತಿದ್ದರು. ನೂರಕ್ಕೆ ‘ಕೆಂತುಮ್’, ನಮ್ಮಲ್ಲಿ ಶತ. ಪರ್ಸೆಂಟ್ ಎಂದರೆ ನೂರಕ್ಕೆ, ಶೇಕಡಾ. ಮಂಗಳೂರು ಕಡೆಯವರು ‘ಹತ್ತು ಸೆಂಟ್ಸ್ ಜಾಗ’ ಎನ್ನುವಾಗ ಎಕರೆಯ ನೂರನೇ ಒಂದು ಪಾಲನ್ನು ಲ್ಯಾಟಿನ್ನಿನಲ್ಲಿ ಅಳೆಯುತ್ತಿರುತ್ತಾರೆ. ಮೇಲೆ ಬಂದ ಸ್ಪೆಕ್, ಪಶ್ಯ ಜೋಡಿಯೂ ಇದೇ ನಿಯಮದ್ದು.

ಲ್ಯಾಟಿನ್ ಪದದ ಮೊದಲಿಗೆ ಫ ಇದ್ದರೆ ಸಂಸ್ಕೃತದಲ್ಲಿ ಭ ಅಥವಾ ಧ ಹುಡುಕಿ. ‘ಫ್ರಾತೆರ್’, ಭ್ರಾತೃ. ‘ಫೂಮುಸ್’, ಧೂಮ, ಪರ್ಫ್ಯೂಮಿನ ಮೂಲದಲ್ಲಿ ಹೊಗೆ ಇದೆ, ಸಾಂಬ್ರಾಣಿಯ ಹಾಗೆ. ‘ಫೆರ್’ ಎಂದರೆ ಹೊರು, ಅದೇ ನಮ್ಮ ‘ಭೃ’ ಧಾತು, ಭಾರ. ಟ್ರಾನ್ಸ್‌ಫರ್ ಎಂದರೆ ಆಚೆ ಕಡೆಗೆ ಹೊತ್ತೊಯ್ಯುವುದು. ಮೂರು ವರ್ಷಕ್ಕೊಮ್ಮೆ ಮನೆ ಸಾಮಾನು ಲಾರಿಗೆ ಏರಿಸಿದವರಿಗೆ ಆ ಭಾರ ಗೊತ್ತು.

ಗ ಇದ್ದ ಕಡೆ ಜ. ‘ರೆಗ್’, ರಾಜ, ಆಳು ಎಂಬ ಅರ್ಥದಿಂದ ರೆಗ್ಯುಲೇಷನ್. ‘ಗೆನ್’, ಜನ್, ಜನರೇಷನ್. ‘ಗ್ನೋ’, ಜ್ಞಾ; ಇದಕ್ಕೆ ಇಲ್ಲ ಎನ್ನುವ ಇನ್ ಸೇರಿಸಿದರೆ ಇಗ್ನೊರೆಂಟ್, ಜ್ಞಾಕ್ಕೆ ಅ ಸೇರಿಸಿದರೆ ಅಜ್ಞ. ಕೂಡಿಸುವುದಕ್ಕೆ ಲ್ಯಾಟಿನ್ ‘ಯುಂಗ್’, ಸಂಸ್ಕೃತ ‘ಯುಜ್’. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬದಲಿಸಲು ಗಂಟೆಗಟ್ಟಲೆ ಕಾದವರು ಅದನ್ನೂ ಒಂದು ಯೋಗ ಎಂದುಕೊಂಡರೆ ಭಾಷಾಶಾಸ್ತ್ರದ ಪ್ರಕಾರ ತಪ್ಪಿಲ್ಲ.

ಮನೆಯ ಕ್ಯಾಲೆಂಡರಿನಲ್ಲೇ ಇದನ್ನು ಪರೀಕ್ಷಿಸಬಹುದು. ಸೆಪ್ಟೆಂಬರಿನಲ್ಲಿ ಸಪ್ತ, ಅಕ್ಟೋಬರಿನಲ್ಲಿ ಅಷ್ಟ, ನವೆಂಬರಿನಲ್ಲಿ ನವ, ಡಿಸೆಂಬರಿನಲ್ಲಿ ದಶ. ಹಾಗಾದರೆ ಒಂಬತ್ತನೇ ತಿಂಗಳಿಗೆ ಏಳರ ಹೆಸರೇಕೆ? ರೋಮನ್ನರ ಹಳೆಯ ವರ್ಷ ಮಾರ್ಚಿನಿಂದ ಶುರುವಾಗುತ್ತಿತ್ತು. ಐದನೆಯದಕ್ಕೂ ಆರನೆಯದಕ್ಕೂ ಕ್ವಿಂಟಿಲಿಸ್, ಸೆಕ್ಸ್ಟಿಲಿಸ್ ಎಂಬ ಎಣಿಕೆಯ ಹೆಸರುಗಳೇ ಇದ್ದವು. ಕ್ರಿ.ಪೂ. 44ರಲ್ಲಿ ಮೊದಲನೆಯದು ಜೂಲಿಯಸ್ ಸೀಸರನ ಹೆಸರಿಗೆ, ಕ್ರಿ.ಪೂ. 8ರಲ್ಲಿ ಎರಡನೆಯದು ಅಗಸ್ಟಸ್‌ನ ಹೆಸರಿಗೆ ಹೋಯಿತು. ಊರಿಗೆ, ರಸ್ತೆಗೆ ಹೆಸರು ಬದಲಿಸುವ ಚಟ ಇವತ್ತಿನದಲ್ಲ.

ಇಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಇಷ್ಟು ಓದಿದವರಲ್ಲಿ ಅರ್ಧ ಜನ ಈಗಾಗಲೇ ಫ್ಯಾಮಿಲಿ ಗ್ರೂಪಿಗೆ ‘ಇಂಗ್ಲಿಷ್ ಹುಟ್ಟಿದ್ದೇ ಸಂಸ್ಕೃತದಿಂದ’ ಎಂದು ಕಳಿಸಲು ಹೊರಟಿರುತ್ತೀರಿ. ಹಾಗಲ್ಲ. ಲ್ಯಾಟಿನ್ ಸಂಸ್ಕೃತದ ಮಗಳಲ್ಲ, ಅಕ್ಕನೋ ತಂಗಿಯೋ ಅಷ್ಟೇ. ಇನ್ನೊಂದು, ಕನ್ನಡ ಆ ಮನೆತನದ್ದೇ ಅಲ್ಲ, ದ್ರಾವಿಡ ಕುಟುಂಬದ್ದು. ಹಲ್ಲು, ಕಾಲು, ಹೊಗೆ, ನೂರು ನಮ್ಮವು. ಅವುಗಳಿಂದ ಲ್ಯಾಟಿನ್ನಿಗೆ ದಾರಿ ಇಲ್ಲ. ದಂತ, ಪಾದ, ಧೂಮ, ಶತ ಎಂಬ ಎರವಲು ಪದಗಳೂ ನಮ್ಮ ಬಾಯಲ್ಲಿರುವುದರಿಂದ ಮಾತ್ರ ಈ ಕಿಟಕಿ ತೆರೆಯುತ್ತದೆ. ಹೋರಾ ಕತೆಯೂ ಬೇರೆ: ಅದು ಗ್ರೀಕ್ ಪದ. ಒಂದು ದಾರಿಯಲ್ಲಿ ಲ್ಯಾಟಿನ್ನಿಗೆ ಹೋಗಿ ಇಂಗ್ಲಿಷಿನಲ್ಲಿ ಗಂಟೆ ಎಂಬರ್ಥದ ಅವರ್ ಆಯಿತು, ಇನ್ನೊಂದು ದಾರಿಯಲ್ಲಿ ನಮ್ಮ ಜ್ಯೋತಿಷ್ಯಕ್ಕೆ ಬಂತು. ಅದು ದಾಯಾದಿಯಲ್ಲ, ಎರಡೂ ಮನೆಗೆ ಬಂದ ನೆಂಟ.

ಐದನೇ ಹೆಜ್ಜೆ: ತದ್ಭವ ಕಂಡರೆ ತತ್ಸಮ ಹುಡುಕಿ

ಯಾತ್ರೆ ಎಂಬ ತತ್ಸಮವೇ ಕನ್ನಡದ ಬಾಯಲ್ಲಿ ಸವೆದು ಜಾತ್ರೆ ಎಂಬ ತದ್ಭವ ಆಯಿತು. ಆಮೇಲೆ ಯಾತ್ರೆಯೂ ಉಳಿಯಿತು, ಜಾತ್ರೆಯೂ ಉಳಿಯಿತು, ಅರ್ಥ ಮಾತ್ರ ಬೇರೆ ಬೇರೆ ಆಯಿತು. ಇಂಗ್ಲಿಷಿನಲ್ಲಿ ಇಂಥ ಜೋಡಿಗಳು ರಾಶಿ ರಾಶಿ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಫ್ರೆಂಚರ ಬಾಯಲ್ಲಿ ಸವೆದ ಲ್ಯಾಟಿನ್ ಪದಗಳು ಅರಮನೆಯ ದಾರಿಯಲ್ಲಿ ಬಂದವು. ಕೆಲವು ಶತಮಾನದ ನಂತರ ಪಂಡಿತರು ಅದೇ ಪದಗಳನ್ನು ಪುಸ್ತಕದಿಂದ ಸವೆಯದ ರೂಪದಲ್ಲಿ ಮತ್ತೆ ತಂದರು. ಫ್ರೇಲ್ ತದ್ಭವ, ಫ್ರ್ಯಾಜೈಲ್ ತತ್ಸಮ. ರಾಯಲ್ ತದ್ಭವ, ರೀಗಲ್ ತತ್ಸಮ. ಶುರ್ ತದ್ಭವ, ಸೆಕ್ಯೂರ್ ತತ್ಸಮ. ಕೌಂಟ್ ತದ್ಭವ, ಕಂಪ್ಯೂಟ್ ತತ್ಸಮ. ನಾರ್ಮನ್ನರಿಗೂ ಬಹಳ ಮೊದಲೇ ಬಂದು ಇಂಗ್ಲಿಷಿನ ಸ್ವಂತ ಪದದಂತೆ ಕುಳಿತವೂ ಇವೆ: ಸ್ಟ್ರೀಟ್, ವಾಲ್, ವೈನ್, ಚೀಸ್. ಮೈಲ್ ಎಂದರೆ ಸಾವಿರ. ರೋಮನ್ನರ ಸಾವಿರ ಜೋಡಿ ಹೆಜ್ಜೆ.

ಇದರ ಉಪಯೋಗ ಏನು? ತದ್ಭವವನ್ನು ಬಿಡಿಸಲು ಹೋದರೆ ಧಾತು ಕಾಣುವುದಿಲ್ಲ, ಸವೆದುಹೋಗಿರುತ್ತದೆ. ಅದರ ಜೊತೆಗಾರನನ್ನು ಹುಡುಕಿ. ರಿಸೀವ್ ಎಂಬಲ್ಲಿ ಏನೂ ಕಾಣದು. ಅದರ ನಾಮಪದ ರಿಸೆಪ್ಷನ್ ನೋಡಿ, ‘ಸೆಪ್ಟ್’ ಕಾಣುತ್ತದೆ, ಹಿ­ಡಿ, ತೆಗೆದುಕೋ ಎಂಬ ‘ಕಾಪ್’ ಧಾತುವಿನ ರೂಪ. ಆ ಧಾತು ಹಿಡಿದು ಹೋದರೆ ರಿಸೀಟಿನಲ್ಲಿ ತುರುಕಿದ ಪಿ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಅಲ್ಲಿಂದ ರೆಸಿಪಿ. ಲ್ಯಾಟಿನ್ನಿನಲ್ಲಿ ಅದು ಆಜ್ಞೆ: ‘ತಗೋ!’ ಔಷಧಿ ಚೀಟಿಯ ನೆತ್ತಿಯಲ್ಲಿ ಆರ್ ಅಕ್ಷರದ ಕಾಲಿಗೆ ಅಡ್ಡಗೀಟು ಹಾಕಿದ ಗುರುತು ಇರುತ್ತದಲ್ಲ, ಅದು ಇದೇ ರೆಸಿಪಿ. ಮೊದಲು ವೈದ್ಯರು ಔಷಧ ಕೂಡಿಸುವವನಿಗೆ ಹೇಳುತ್ತಿದ್ದ ಮಾತು, ಆಮೇಲೆ ಅಡುಗೆಮನೆಗೆ ಬಂತು. ಬಿಸಿಬೇಳೆಬಾತಿನ ರೆಸಿಪಿಯೂ ಕೆಮ್ಮಿನ ಔಷಧಿ ಚೀಟಿಯೂ ಮದುವೆಯ ರಿಸೆಪ್ಷನ್ನೂ ಒಂದೇ ಪುಟಕ್ಕೆ ಬರುತ್ತವೆ.

ಆರನೇ ಹೆಜ್ಜೆ: ನಂಬುವ ಮೊದಲು ನಿಘಂಟು ತೆರೆಯಿರಿ

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಪೋರ್ಟ್ ಎಂದರೆ ಹೊರು, ಆದ್ದರಿಂದ ಪಾಸ್‌ಪೋರ್ಟ್ ಎಂದರೆ ಜೊತೆಗೆ ಹೊತ್ತೊಯ್ಯುವ ಕಾಗದ ಎಂದು ಎರಡು ವರ್ಷ ಮಕ್ಕಳಿಗೆ ಹೇಳಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ನೋಡಿ, “ಸಾರ್, ಇದರಲ್ಲಿ ಬಂದರು ಅಂತ ಇದೆ” ಎಂದಳು. ಅವಳೇ ಸರಿ. ಪಾಸ್‌ಪೋರ್ಟಿನ ಪೋರ್ಟ್ ಹೊರುವ ಪೋರ್ಟಲ್ಲ, ಬಂದರಿನ ಪೋರ್ಟ್. ಬಂದರು ದಾಟಲು ಕೊಡುವ ಕಾಗದ. ಏರ್‌ಪೋರ್ಟಿನಲ್ಲೂ ಅದೇ ಬಂದರು. ಆಪರ್ಚುನಿಟಿಯಲ್ಲೂ ಅದೇ: ಹಡಗನ್ನು ಬಂದರಿನ ಕಡೆಗೆ ತಳ್ಳುವ ಅನುಕೂಲದ ಗಾಳಿ.

ಪೆನ್ನು, ಪೆನ್ಸಿಲ್ಲು ಅಣ್ಣತಮ್ಮ ಎನಿಸುತ್ತದೆ. ಸಂಬಂಧವೇ ಇಲ್ಲ. ಪೆನ್ ಬಂದದ್ದು ಗರಿ ಎಂಬರ್ಥದ ‘ಪೆನ್ನಾ’ದಿಂದ. ಪೆನ್ಸಿಲ್ ಬಂದದ್ದು ಚಿಕ್ಕ ಕುಂಚ ಎಂಬರ್ಥದ ‘ಪೆನಿಕಿಲ್ಲುಸ್’ನಿಂದ. ಅದರ ನಿಜವಾದ ಒಡಹುಟ್ಟು ಪೆನಿಸಿಲಿನ್: ಆ ಬೂಸ್ಟು ಸೂಕ್ಷ್ಮದರ್ಶಕದಲ್ಲಿ ಕುಂಚದ ಹಾಗೆ ಕಾಣುತ್ತದೆ. ಹ್ಯೂಮನ್ ಎಂಬುದರ ಬಾಲದಲ್ಲಿ ಮ್ಯಾನ್ ಕಂಡರೂ ಅದೂ ಕಾಕತಾಳೀಯ. ಹ್ಯೂಮನ್ ಲ್ಯಾಟಿನ್, ಮ್ಯಾನ್ ಇಂಗ್ಲಿಷಿನ ಸ್ವಂತ. ಮ್ಯಾನುಯಲ್, ಮ್ಯಾನುಸ್ಕ್ರಿಪ್ಟ್‌ಗಳಲ್ಲಿರುವ ‘ಮನು’ ಮತ್ತೂ ಬೇರೆ, ಅದು ಕೈ. ಮ್ಯಾನುಸ್ಕ್ರಿಪ್ಟ್ ಎಂದರೆ ಕೈಬರಹ, ನಮ್ಮ ಹಸ್ತಪ್ರತಿ.

ಹಾಗಾಗಿ ಪ್ರತಿ ಪುಟದ ಪದಗಳನ್ನೂ ಒಮ್ಮೆ ಪರೀಕ್ಷಿಸಿ. ಎಟಿಮ್‌ಆನ್‌ಲೈನ್ ಎಂಬ ಪದಮೂಲ ನಿಘಂಟು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಪದ ಹಾಕಿದರೆ ಯಾವ ಭಾಷೆಯಿಂದ ಯಾವ ಭಾಷೆಗೆ ದಾಟಿತೆಂದು ತೋರಿಸುತ್ತದೆ. ಸಂಸ್ಕೃತದ ಕಡೆಯಿಂದ ಬರಬೇಕಿದ್ದರೆ 1899ರ ಮೋನಿಯರ್ ವಿಲಿಯಮ್ಸ್ ನಿಘಂಟು ಇದೆ, ಅದೂ ಅಂತರ್ಜಾಲದಲ್ಲಿದೆ. ಎಷ್ಟೋ ಪದಗಳ ಕೊನೆಯಲ್ಲಿ ಲ್ಯಾಟಿನ್ ದಾಯಾದಿಯನ್ನೂ ಕೊಟ್ಟಿರುತ್ತದೆ.

ಪದದ ಮೂಲಾರ್ಥವೇ ಇವತ್ತಿನ ಅರ್ಥ ಎಂದು ವಾದಕ್ಕೆ ಇಳಿಯುವುದೂ ಬೇಡ. ಡಾಕ್ಟರೆಂದರೆ ಕಲಿಸುವವರೆಂದು ಆಸ್ಪತ್ರೆಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಮೂಲ ನೆನಪಿಗೆ ಕೊಕ್ಕೆ, ಅಷ್ಟೇ.

ಕೋರ್ಟು ಸುದ್ದಿ ಓದುವವರಿಗೆ ಒಂದು ಅಭ್ಯಾಸ ಕೊಡುತ್ತೇನೆ. ಹೈಕೋರ್ಟು ‘ಸುವೊ ಮೋಟು’ ಪ್ರಕರಣ ದಾಖಲಿಸಿಕೊಂಡಿತು ಎಂದು ಪತ್ರಿಕೆಯಲ್ಲಿ ಬರುತ್ತದೆ, ಪಕ್ಕದಲ್ಲಿ ಸ್ವಯಂಪ್ರೇರಿತ ಎಂದೂ ಇರುತ್ತದೆ. ಸುವೊ ಎಂಬುದರ ಎದುರು ಸ್ವ ಬರೆದು, ಮೋಟು ಎಂಬುದರಿಂದ ಮೋಟಾರ್, ಮೋಷನ್, ಪ್ರೊಮೋಷನ್ ಎಳೆದು ನೋಡಿ. ಪ್ರೊಮೋಷನ್ನಿನ ತಲೆಯಲ್ಲಿರುವ ಪ್ರೊ ಯಾವುದೆಂದು ಈಗ ಹೇಳಬೇಕಿಲ್ಲ.

ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿರುವುದು ಒಂದೇ ಪದ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗಳು ಶುರುವಾದವು. 1829ರಲ್ಲಿ ಲಂಡನ್ನಿಗೂ ಬಂದವು. ಅವುಗಳ ಹೆಸರು ‘ಓಮ್ನಿಬಸ್’. ಲ್ಯಾಟಿನ್ನಿನಲ್ಲಿ ‘ಓಮ್ನಿ’ ಎಂದರೆ ಎಲ್ಲ, ‘ಬಸ್’ ಎಂದರೆ ಚತುರ್ಥಿ ವಿಭಕ್ತಿಯ ಬಹುವಚನ ಪ್ರತ್ಯಯ, ಕೂಡಿದರೆ ‘ಎಲ್ಲರಿಗೆ’. ಜನ ಪ್ರಕೃತಿಯನ್ನು, ಅಂದರೆ ಪ್ರತ್ಯಯ ಹತ್ತುವ ಮೂಲ ಪದವನ್ನು, ಬಿಟ್ಟು ಪ್ರತ್ಯಯವನ್ನಷ್ಟೇ ಉಳಿಸಿಕೊಂಡರು. ಆ ‘ಬಸ್’ ಸಂಸ್ಕೃತದ ‘ಭ್ಯಃ’ ಪ್ರತ್ಯಯದ ದಾಯಾದಿ. ‘ಶ್ರೀ ಗುರುಭ್ಯೋ ನಮಃ’ ಎನ್ನುವಾಗ ಬರುವುದು ಅದೇ. ಒಂದು ವಿಭಕ್ತಿಗೆ ನಾಲ್ಕು ಚಕ್ರ ಹಾಕಿ, ಮೇಲೆ ಕನ್ನಡದ ‘ಗಳು’ ಸೇರಿಸಿ ‘ಬಸ್ಸುಗಳು’ ಎನ್ನುತ್ತಿದ್ದೇವೆ. ಬಿಟ್ಟುಹೋದ ಪ್ರಕೃತಿ ಎಲ್ಲಿ ಹೋಯಿತು ಎಂದು ಮಕ್ಕಳನ್ನು ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ, “ನಮ್ಮ ಮಾವನ ಹತ್ರ ಐತಿ ಸಾರ್, ಮಾರುತಿ ಓಮ್ನಿ” ಎಂದ.